ಕಣ್ಣಿಗೊತ್ತಿಕೊಂಡ ಮೆಷಿನ್ನು

ಹಳೆ ಗ್ರೀಸಿನ ವಾಸನೆ, ಅದರ ಜೊತೆಗೆ ಊದುಬತ್ತಿಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಕೆಟ್ಟುಹೋದ ಮಿಕ್ಸಿ ಹಿಡಿದುಕೊಂಡು ಹುಣಸೂರಿನ ಗುಜರಿ ಅಂಗಡಿಯಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ಮೂಲೆಯಲ್ಲಿ ನಮ್ಮ ಐಟಿಐನ ಅದೇ ಹಸಿರು ಬಣ್ಣದ ವರ್ಟಿಕಲ್ ಮಿಲ್ಲಿಂಗ್ ಮೆಷಿನ್ನು! ಒಣಗಿದ ಕುಂಕುಮ ಇನ್ನೂ ಹಾಗೇ ಅಂಟಿಕೊಂಡಿತ್ತು.

ಅದರ ಯಜಮಾನರು ನಮ್ಮ ಮೇಷ್ಟ್ರು. ಸರ್ಕಾರದ ಸ್ವತ್ತಾದರೂ ಯಜಮಾನರು ಅಂತಲೇ ಹೇಳಬೇಕು. ಪ್ರತಿ ಶುಕ್ರವಾರ ಚಪ್ಪಲಿ ಆಚೆ ಬಿಟ್ಟು ಬಂದು, ಅದನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮವಿಟ್ಟು, ಸೇವಂತಿಗೆ ಏರಿಸಿ ಮಂಗಳಾರತಿ ಎತ್ತುತ್ತಿದ್ದರು. ನಾವೆಲ್ಲ ಒಬ್ಬೊಬ್ಬರಾಗಿ ಹೋಗಿ ಮೆಷಿನ್ನಿನ ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಆಮೇಲೆ ಟಾರ್ಪಾಲು ಮುಚ್ಚುತ್ತಿದ್ದರು. ಮುಂದಿನ ಶುಕ್ರವಾರದವರೆಗೆ ಅದು ಗರ್ಭಗುಡಿ.

ನಾನು ಹನಗೋಡಿನಿಂದ ದಿನಾ ಬಸ್ಸಿನಲ್ಲಿ ನಿಂತು ಐಟಿಐಗೆ ಬರುತ್ತಿದ್ದೆ. ಅವ್ವ ಕಂಡವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಲ್ಲಿ ಎಲೆ ಕಟ್ಟಿ ಕಟ್ಟಿ ಬೆರಳೆಲ್ಲ ಕಪ್ಪಾಗಿಸಿಕೊಂಡಿದ್ದಳು. ನನಗೆ ಆ ಕೆಲಸ ಬೇಡವಾಗಿತ್ತು. ಮೆಷಿನ್ನು ಓಡಿಸುವುದು ಬಂದರೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ, ಅಷ್ಟೇ ನನ್ನ ಲೆಕ್ಕ. ಮೇಲೆ ಕಟ್ಟರು ತಿರುಗುತ್ತಿದ್ದರೆ ಕೆಳಗೆ ಹಿಡಿ ತಿರುಗಿಸಿ ಮೇಜನ್ನು ಸರಿಸಬೇಕು, ಕಬ್ಬಿಣದಲ್ಲಿ ನೇರವಾಗಿ ಕಾಲುವೆಯ ಹಾಗೆ ತೋಡು ಬೀಳಬೇಕು... ಬೋರ್ಡಿನ ಮೇಲೆ ಅದರ ಚಿತ್ರ ಎಷ್ಟು ಸಲ ಬರೆದೆವೋ! ಒಂದು ದಿನ ಧೈರ್ಯ ಮಾಡಿ ಹಿಡಿಗೆ ಕೈ ಹಾಕಿದೆ. ಮೇಷ್ಟ್ರು ಓಡಿ ಬಂದರು.

“ಮುಟ್‌ಬ್ಯಾಡ ಕಣವ್ವ! ಕೆಟ್ರೆ ರಿಪೇರಿ ಮಾಡ್ಸೋರು ಯಾರು? ಪರೀಕ್ಷೆ ಪೀಸ್ ನಾನೇ ಮಾಡ್ಕೊಡ್ತೀನಿ, ಬುಡು.”

ಮಾಡಿಕೊಟ್ಟರು ಕೂಡ. ಎಲ್ಲರ ಪೀಸನ್ನೂ ಅವರೇ ಕೊರೆದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು ನನ್ನದು. ಎಲ್ಲರೂ ಪಾಸು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಅವರು ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು. ಸಂಜೆ ಬಸ್ಸು ತಡವಾದರೆ, ಅದು ಬಂದು ನಾನು ಹತ್ತುವವರೆಗೆ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ ಮನುಷ್ಯ. ಅದಕ್ಕೇ ಸಂಕಟ.

ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಮುಂಚೆ ಪರೀಕ್ಷೆ ಇಟ್ಟರು. ಇಂಥದ್ದೇ ಮೆಷಿನ್ನು. ಸೂಪರ್‌ವೈಸರು ಒಂದು ಕಬ್ಬಿಣದ ತುಂಡು ಕೊಟ್ಟು, ತೋಡು ಕೊರಿ ಅಂದರು. ನಾನು ಹೋಗಿ ಮೇಜನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಸುಮ್ಮನೆ ನಿಂತೆ. ಮುಂದೇನು ಮಾಡಬೇಕೋ ತಿಳಿಯಲೇ ಇಲ್ಲ...

“ಪೂಜೆ ಆಯ್ತಲ್ಲಮ್ಮ, ಇನ್ನು ಕೆಲಸ ಶುರು ಮಾಡು” ಅಂದರು ಸೂಪರ್‌ವೈಸರು. ಸುತ್ತ ನಿಂತಿದ್ದವರು ನಕ್ಕರು. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಪಾಪ ಅಂತ ಒಳಗೆ ಸೇರಿಸಿಕೊಂಡರು, ಆದರೆ ಮೆಷಿನ್ನಿಗಲ್ಲ. ಬೇರೆಯವರು ಕೊರೆದು ಹಾಕಿದ ತುಂಡುಗಳ ಅಂಚನ್ನು ಅರದಿಂದ ಉಜ್ಜುವುದಕ್ಕೆ. ಈಗಲೂ ಅದನ್ನೇ ಉಜ್ಜುತ್ತಿದ್ದೇನೆ. ನನ್ನ ಬೆರಳುಗಳೂ ಕಪ್ಪಗಿವೆ, ಅವ್ವನ ಹಾಗೇ.

ಮೇಷ್ಟ್ರು ತೀರಿಕೊಂಡರು ಅಂತ ಹೋದ ವರ್ಷ ಯಾರೋ ಫೋನು ಮಾಡಿದ್ದರು. ನಾನು ಹೋಗಲಿಲ್ಲ. ಸಿಟ್ಟು ಇತ್ತು. ಒಂದು ಸಲ ಎದುರು ನಿಂತು ಕೇಳಬೇಕಿತ್ತು, ಯಾರಿಗೆ ಅಂತ ಉಳಿಸಿದಿರಿ ಆ ಮೆಷಿನ್ನ ಅಂತ. ಅದಕ್ಕೂ ಅವರಿಲ್ಲ ಅನ್ನುವುದು ಆಮೇಲೆ ಹೊಳೆದು ಬಿಕ್ಕಿ ಬಿಕ್ಕಿ ಅತ್ತೆ.

“ಎಂಥಾ ಮಾಲು ನೋಡಿ ಅಕ್ಕಾ” ಅಂದರು ಗುಜರಿ ಅಂಗಡಿಯ ಸಾಹೇಬರು. “ಒಂದು ಗೀರೂ ಇಲ್ಲ. ಓಡ್ಸೇ ಇಲ್ಲ ಕಣಕ್ಕ ಇದ್ನ! ನಾಳೆ ಗ್ಯಾಸ್ ಹಚ್ಚಿ ಕತ್ತರಿಸ್ತೀವಿ.”

ಹತ್ತಿರ ಹೋದೆ. ಮೇಜು ಮುಟ್ಟಿದ ಕೈ ತಾನಾಗಿಯೇ ಕಣ್ಣಿನ ಕಡೆ ಎದ್ದಿತು. ಥೂ ಅಂತ ನನ್ನನ್ನೇ ಬೈದುಕೊಂಡು ಕೈ ಇಳಿಸಿದೆ. ಹಿಡಿ ಹಿಡಿದು ತಿರುಗಿಸಿದೆ. ಮೇಜು ಒಂದಿಷ್ಟೂ ಸದ್ದಿಲ್ಲದೆ ಬೆಣ್ಣೆಯ ಹಾಗೆ ಸರಿಯಿತು.

“ಕೆಡ್ನಿಲ್ಲ ನೋಡಿ ಸಾ” ಅಂದೆ. ಕೇಳಿಸಿಕೊಳ್ಳಲು ಮೇಷ್ಟ್ರು ಇರಲಿಲ್ಲ.