ಜೋಪಾನದ ಡಬ್ಬಿ

ಬೆಳಕು ಹರಿಯುವ ಮೊದಲು ಅವಳು ಮಾಡುವ ಕೆಲಸಗಳು ಇವು: ನೀರಿನ ಮೋಟರ್ ಹಾಕುವುದು, ತೊಟ್ಟಿ ತುಂಬಿ ಚೆಲ್ಲುವ ಮೊದಲು ಆರಿಸುವುದು, ಈ ಎರಡರ ನಡುವೆ ತರಕಾರಿ ಹೆಚ್ಚುವುದು. ಒಂದು ಒಲೆಯ ಮೇಲೆ ಅತ್ತೆಗೆ ಬಿಸಿನೀರು, ಇನ್ನೊಂದರ ಮೇಲೆ ಅನ್ನ. ಅತ್ತೆಯ ಮೊಣಕಾಲಿಗೆ ಮುಲಾಮು ತಿಕ್ಕಿ, ಕೈಯನ್ನು ಸೋಪು ಹಾಕಿ ತೊಳೆಯುವುದು. ಇಲ್ಲದಿದ್ದರೆ ಊಟದ ಡಬ್ಬಿಗೂ ಅದೇ ಘಾಟು. ಗಂಡನ ಅಂಗಿಗೆ ಇಸ್ತ್ರಿ. ಆಮೇಲೆ ಗಂಡನ ಕನ್ನಡಕ ಹುಡುಕುವುದು. ಅವನು ಗಡಿಯಾರ ರಿಪೇರಿ ಮಾಡುವವನು. ಸಾಸಿವೆಗಿಂತ ಸಣ್ಣ ತಿರುಪು ಅವನಿಗೆ ಕಾಣುತ್ತದೆ, ತನ್ನ ಹಣೆಯ ಮೇಲೇ ಕುಳಿತಿರುವ ಕನ್ನಡಕ ಕಾಣುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಅವಳು ಕೆಲಸಕ್ಕೆ ಹೊರಡುತ್ತಾಳೆ. ಅದಕ್ಕೆ ಮೊದಲಿನದ್ದನ್ನು ಆ ಮನೆಯಲ್ಲಿ ಯಾರೂ ಕೆಲಸ ಎಂದು ಕರೆದದ್ದಿಲ್ಲ.

ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಸೊಂಟದಲ್ಲಿ ಒಂದು ಗೊಂಚಲು ಕೀಲಿ ಸದಾ ಝಣಝಣ ಅನ್ನುತ್ತಿರುತ್ತದೆ: ಮನೆಯ ಮುಂಬಾಗಿಲಿನದು, ಹಿಂಬಾಗಿಲಿನದು, ಅಕ್ಕಿ ಡ್ರಮ್ಮಿನದು, ಕೆಲಸದ ಶೆಡ್ಡಿನದು. ಇಷ್ಟು ಬೀಗಗಳ ಒಡತಿಯ ಹತ್ತಿರ ಇಲ್ಲದ ಕೀಲಿ ಒಂದೇ, ಮನೆಯ ಕಬ್ಬಿಣದ ಬೀರುವಿನದು. ಅದು ಮದುವೆಯಾದಾಗಿನಿಂದ ಅತ್ತೆಯ ಸೊಂಟದಲ್ಲಿದೆ. ಬೀಗದಕ್ಕನ ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ ಎರಡೂ ಆ ಬೀರುವಿನೊಳಗೆ, ಅತ್ತೆಯ ಒಳ್ಳೆಯ ಸೀರೆಗಳ ಅಡಿಯಲ್ಲಿವೆ. ಕಿತ್ತುಕೊಂಡದ್ದಲ್ಲ, ಜೋಪಾನಕ್ಕೆ ಇಟ್ಟದ್ದು. ಹಾಗೆಂದು ಅತ್ತೆಯೇ ಹೇಳುತ್ತಾರೆ.

ಅವಳ ಕೆಲಸ ಊರಿನ ಕಸ ಬೇರ್ಪಡಿಸುವ ಶೆಡ್ಡಿನಲ್ಲಿ. ಉದ್ದನೆಯ ಬೆಲ್ಟಿನ ಮೇಲೆ ಕಸ ಹರಿದು ಬರುತ್ತದೆ. ಎರಡೂ ಬದಿಗೆ ನಿಂತ ಹೆಂಗಸರು ಬಾಟಲಿ, ಬಟ್ಟೆ, ರಟ್ಟು, ತಗಡು ಎಂದು ಹೆಕ್ಕಿ ಎಸೆಯುತ್ತಾರೆ. ಪ್ಲಾಸ್ಟಿಕ್ಕನ್ನು ಯಂತ್ರ ಒತ್ತಿ, ತಂತಿ ಬಿಗಿದು, ಆಳೆತ್ತರದ ಪಿಂಡಿ ಮಾಡುತ್ತದೆ. ಬೀಗದಕ್ಕ ಇವರ ಮೇಲ್ವಿಚಾರಕಿ. ಕಂಪನಿಗೆ ಕಸ ಬರುವುದು ಬೀದಿಗಳಿಂದ, ಕೈಗಳು ಬರುವುದು ಮೇಸ್ತ್ರಿಯಿಂದ. ಅವನು ದೂರದೂರುಗಳಿಂದ ಹೆಂಗಸರನ್ನು ಕರೆತಂದು ಶೆಡ್ಡಿನ ಹಿಂದಿನ ಸಾಲುಕೋಣೆಗಳಲ್ಲಿ ಇರಿಸಿದ್ದಾನೆ. ಮಾತು ಬಲು ಸಿಹಿಯಾದ್ದರಿಂದ ಅವನ ಹೆಸರು ಸಕ್ಕರೆ ಮೇಸ್ತ್ರಿ. ಗೋಡೆಯ ಮೇಲೆ ಕಂಪನಿಯವರು ದೊಡ್ಡದಾಗಿ ಬರೆಸಿದ್ದಾರೆ: ‘ಇಲ್ಲಿ ಗುಲಾಮಗಿರಿಗೆ ಜಾಗ ಇಲ್ಲ.’ ಕೊನೆಯ ಪದದ ಪಕ್ಕದಲ್ಲೇ ಒಂದು ಮೊಳೆ ಇದೆ. ಮೇಸ್ತ್ರಿ ತನ್ನ ಮಳೆಕೋಟನ್ನು ಅದಕ್ಕೆ ತೂಗುಹಾಕುತ್ತಾನೆ. ಕೋಟು ಇದ್ದಷ್ಟು ಹೊತ್ತೂ ಆ ಪದ ಕಾಣುವುದಿಲ್ಲ.

ಹಿಂದೊಮ್ಮೆ ಒಬ್ಬಳ ಗುರುತಿನ ಚೀಟಿ ರವಿಕೆಯಿಂದ ಜಾರಿ ಬೆಲ್ಟಿಗೆ ಬಿದ್ದು, ಬಾಟಲಿಗಳ ಜೊತೆ ಪಿಂಡಿಯೊಳಗೆ ಸೇರಿಹೋಗಿತ್ತು. ಅವಳು ಗೋಳೋ ಎಂದು ಅತ್ತಳು. ಬೀಗದಕ್ಕ ಸೆರಗು ಬಿಗಿದು, ಕಟ್ಟಿಟ್ಟಿದ್ದ ಪಿಂಡಿಗಳ ತಂತಿಯನ್ನು ಒಂದೊಂದಾಗಿ ಕತ್ತರಿಸಿದಳು. ಒಂದು ದಿನದ ದುಡಿಮೆಯೆಲ್ಲ ಮತ್ತೆ ನೆಲದ ಮೇಲೆ ಹರಡಿತು. ಕೊನೆಗೆ ಚೀಟಿ ಸಿಕ್ಕಿತು, ಶಾಂಪೂ ಬಾಟಲಿಗೆ ಅಂಟಿಕೊಂಡು, ಘಮ್ಮೆನ್ನುತ್ತಾ. ಅಂದಿನಿಂದ ಎಲ್ಲರ ಚೀಟಿಗಳನ್ನೂ ಅವಳೇ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಶೆಡ್ಡಿನಲ್ಲಿದ್ದ ತನ್ನ ಕಪಾಟಿನಲ್ಲಿಟ್ಟು ಬೀಗ ಜಡಿದಳು. ಹೆಂಗಸರು ಕೈ ಮುಗಿದರು. ಮೇಸ್ತ್ರಿಗಂತೂ ಈ ಏರ್ಪಾಟು ಅವರಿಗಿಂತಲೂ ಹೆಚ್ಚು ಹಿಡಿಸಿತು. ಯಾಕೆ ಅಷ್ಟು ಹಿಡಿಸಿತು ಎಂದು ಬೀಗದಕ್ಕ ಆಗ ಯೋಚಿಸಲಿಲ್ಲ. ಹೊಗಳಿಕೆ ಅಪರೂಪಕ್ಕೆ ಸಿಕ್ಕಾಗ ಯಾರು ತಾನೆ ಅದನ್ನು ತಿರುವಿ ನೋಡುತ್ತಾರೆ?

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಕ್ಷಿ ಹತ್ತಿರ ಬಂದಳು. ಧೂಳಿಗೆ ಸೀನಿ ಸೀನಿ ಆ ಹೆಸರು ಪಡೆದವಳು.

“ಅಕ್ಕಾ, ನನ್ನ ಚೀಟಿ ಕೊಡ್ತೀರಾ?”

“ಯಾಕೆ? ಎಲ್ಲಿಗೆ ಓಡಿ ಹೋಗ್ತೀಯೇ?” ಬೀಗದಕ್ಕ ತುತ್ತು ಬಾಯಿಗಿಡುತ್ತಾ ನಕ್ಕಳು.

“ನಮ್ಮಕ್ಕ ಹೊಲಿಗೆ ಕಾರ್ಖಾನೇಲಿ ಕೆಲಸ ನೋಡಿದಾಳೆ. ನಾಳೆ ಸಾಯಂಕಾಲದೊಳಗೆ ಚೀಟಿ ತೋರಿಸ್ಬೇಕಂತೆ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರಂತೆ. ಅಲ್ಲಿ ಧೂಳಿಲ್ಲಕ್ಕಾ...” ಎನ್ನುವಷ್ಟರಲ್ಲಿ ಎರಡು ಸೀನು.

“ಇರು, ಮೇಸ್ತ್ರಿಗೊಂದು ಮಾತು ಕೇಳ್ತೀನಿ.”

“ಚೀಟಿ ನಂದಲ್ವಾ ಅಕ್ಕಾ?”

ಬೀಗದಕ್ಕ ಇನ್ನೊಂದು ತುತ್ತು ಬಾಯಿಗೆ ತುರುಕಿದಳು. ಬಾಯಲ್ಲಿ ಅನ್ನವಿದ್ದಾಗ ಮಾತಾಡಬೇಕಿಲ್ಲ. ಅದು ಅನುಕೂಲವೇ ಆಯಿತು.

ಮೇಸ್ತ್ರಿ ಕೇಳಿಸಿಕೊಂಡು ಇನ್ನಷ್ಟು ಸಿಹಿಯಾದ. “ಅಯ್ಯೋ ಅಕ್ಕಾ, ಎಲ್ಲಾದ್ರೂ ಉಂಟಾ? ನಾನು ಕರ್ಕೊಂಡು ಬಂದ ಜನ, ನಾನು ಹೇಳಿದಾಗ ಹೋಗ್ಬೇಕು. ಇವಳಿಗೆ ಕೊಟ್ರೆ ನಾಳೆ ಎಲ್ಲರೂ ಕೈ ಚಾಚ್ತಾರೆ. ಕೀಲಿ ಮನೇಲಿ ಮರೆತೆ ಅಂತ ಹೇಳಿಬಿಡು.”

“ಕೀಲಿ ಸೊಂಟದಲ್ಲೇ ಇದೆಯಲ್ರೀ, ಎಲ್ಲರಿಗೂ ಕೇಳಿಸುತ್ತೆ.”

“ಸದ್ದು ಮಾಡದ ಹಾಗೆ ಹಿಡ್ಕೋ ತಾಯೀ. ಬೆಲ್ಟು ಖಾಲಿ ಆದ್ರೆ ಮೇಲ್ವಿಚಾರಕಿ ಯಾತಕ್ಕೆ ಅಂತ ಮೇಲಿನೋರು ಕೇಳಲ್ವಾ? ನಿನ್ನ ಒಳ್ಳೇದಕ್ಕೇ ಹೇಳೋದು.” ಹೋಗುತ್ತಾ ನೆನಪಿಸಿದ: “ನಾಳೆ ಬೆಳಿಗ್ಗೆ ಆಫೀಸಿನ ಮೇಡಂ ಬರ್ತಾರೆ. ನಮ್ಮ ಪ್ಲಾಸ್ಟಿಕ್ ಕೊಳ್ಳೋರಿಗೆ ಈಗ ಹೊಸ ಚಿಂತೆ, ಯಾರ ಕೈ ಹೆಕ್ಕಿದ್ದು, ಮನಸಾರೆ ಹೆಕ್ಕಿದ್ರಾ ಅಂತ. ಏನು ಕೇಳ್ತಾರೆ ಅಂತ ಹೇಳಿಕೊಟ್ಟಿದೀನಲ್ಲ, ಉತ್ತರ ಬಾಯಿಪಾಠ ಮಾಡ್ಕೊ. ಮಿಕ್ಕೋರಿಗೂ ಮಾಡಿಸು.”

ಅವಳು ಮಾಡಿಸಿದಳು. ಚೀಟಿ ಯಾರ ಹತ್ತಿರ ಎಂದರೆ ಹೆಂಗಸರು ಶಾಲೆಯ ಮಕ್ಕಳಂತೆ ಒಟ್ಟಾಗಿ ‘ನಮ್ಮ ಹತ್ತಿರಾನೇ ಇದೆ ಮೇಡಂ’ ಎಂದರು. ಆಕ್ಷಿ ಮಾತ್ರ ಸೀನಿದಳು. ಬೀಗದಕ್ಕ ಗದರಲಿಲ್ಲ. ಒಂದು ಕೈ ಕೀಲಿಗೊಂಚಲಿನ ಮೇಲಿತ್ತು, ಅದು ಅಲುಗದಂತೆ.

ಸಂಜೆ ಮನೆಯಲ್ಲಿ ತರಕಾರಿ ಬಾಡಿಸುತ್ತಾ ತನ್ನ ಪಾಠವನ್ನು ತಾನೂ ಒಪ್ಪಿಸತೊಡಗಿದಳು. ಗಂಡನಿಗೆ ಮೋಜೆನಿಸಿತು. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು, ಹಣೆಯ ಕನ್ನಡಕವನ್ನು ಮೂಗಿಗಿಳಿಸಿ, ತಾನೇ ಮೇಡಂ ಆದ.

“ಏನಮ್ಮಾ, ಇಲ್ಲಿಗೆ ನಿಮ್ಮ ಇಷ್ಟದಿಂದಲೇ ಬಂದಿರಾ?”

“ಹೂಂ, ನಮ್ಮಪ್ಪನ ಇಷ್ಟದಿಂದ.”

“ಉತ್ತರ ತಪ್ಪು. ವಾರಕ್ಕೊಂದು ದಿನ ರಜೆ ಇದೆಯಾ?”

“ನಿಮಗಿದೆ. ನಿಮಗೆ ರಜೆ ಇದ್ದ ದಿನ ನನಗೆ ಎರಡು ಪಾಲು ಕೆಲಸ.”

“ಇವಳು ಕಂಪನೀನ ಮುಳುಗಿಸ್ತಾಳೆ!” ಗಂಡ ತೊಡೆ ತಟ್ಟಿ ನಕ್ಕ. “ಸರಿ, ನಿಮ್ಮ ಗುರುತಿನ ಚೀಟಿ ಯಾರ ಹತ್ತಿರ ಇದೆ?”

ಇದು ಚೆನ್ನಾಗಿ ಬಾಯಿಗೆ ಬಂದಿತ್ತು. “ನನ್ನ ಹತ್ತಿರಾನೇ ಇದೆ ಮೇಡಂ.”

“ಸುಳ್ಳು!” ಒಳಕೋಣೆಯಿಂದ ಅತ್ತೆಯ ದನಿ. ಮೊಣಕಾಲು ಏಳಗೊಡದಿದ್ದರೂ ಕಿವಿ ಮನೆಯೆಲ್ಲ ಓಡಾಡುತ್ತದೆ. “ಬೀರುವಿನಲ್ಲಿದೆ, ಕೀಲಿ ನನ್ನ ಹತ್ರ ಇದೆ!”

ಮೂವರೂ ನಕ್ಕರು. ನಗು ಆರುವ ಮೊದಲೇ ಬೀಗದಕ್ಕ ಕೈ ಒರೆಸಿಕೊಳ್ಳುತ್ತಾ ಅತ್ತೆಯ ಬಾಗಿಲಿಗೆ ಬಂದಳು. “ಹಾಗಾದ್ರೆ ಕೊಟ್ಟುಬಿಡಿ ಅತ್ತೆ. ನಾಳೆ ತೋರಿಸು ಅಂದ್ರೆ ಬೇಕಾಗುತ್ತೆ.”

“ಯಾಕೆ? ಎಲ್ಲಿಗೆ ಓಡಿ ಹೋಗ್ತೀಯೇ?”

ಅತ್ತೆ ತಮಾಷೆಗೇ ಅಂದದ್ದು. ಗಂಡನೂ ತಮಾಷೆಗೇ ನಕ್ಕದ್ದು. ಬೀಗದಕ್ಕನ ನಗು ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ಅದೇ ಮಾತು, ಅದೇ ರಾಗ. ಮಧ್ಯಾಹ್ನ ತನ್ನದೇ ಬಾಯಿಂದ, ಅನ್ನದ ಜೊತೆಗೆ ಹೊರಬಿದ್ದದ್ದು. ಹೇಳುವಾಗ ಅದು ಎಷ್ಟು ಹಗುರವಾಗಿತ್ತು.

“ಕೇಳಿದ್ರೆ ಕೊಡಲ್ಲ ಅಂತೀನಾ ನಾನು?” ಎಂದರು ಅತ್ತೆ.

“ಈಗ ಕೇಳ್ತಾ ಇದೀನಲ್ಲ ಅತ್ತೆ.”

“ಈಗ ಮೊಣಕಾಲು ನೋವು. ಏಳೋಕಾಗಲ್ಲ.”

“ಕೀಲಿ ಕೊಡಿ, ನಾನೇ ತಗೋತೀನಿ.”

“ಸೀರೆಗಳೆಲ್ಲ ಕೆಡ್ತಾವೆ. ಅಲ್ಲೇ ಜೋಪಾನವಾಗಿದೆ, ಬಿಡು.”

ಅತ್ತೆಯೇನೂ ಕೆಟ್ಟವರಲ್ಲ. ಸೊಸೆಗೆ ಜ್ವರ ಬಂದರೆ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುವವರು. ಅವರ ಚೀಟಿಯೂ ಒಂದು ಕಾಲಕ್ಕೆ ಅವರತ್ತೆಯ ಸೀರೆಗಳಡಿಯಲ್ಲಿ ಇದ್ದಿರಬೇಕು. ಬೀಗದಕ್ಕ ಒಲೆಯ ಹತ್ತಿರ ಮರಳಿದಳು. ತರಕಾರಿ ತಳ ಹಿಡಿದಿತ್ತು. ಅದಕ್ಕೂ ಅವಳೇ ಬೈಸಿಕೊಂಡಳು.

ಊಟವಾದ ಮೇಲೆ ಹಳೆಯ ಸಮವಸ್ತ್ರವೊಂದನ್ನು ಕತ್ತರಿಸಿ, ಅಂಗೈಯಗಲದ ಚೀಲಗಳನ್ನು ಹೊಲಿಯತೊಡಗಿದಳು. ಬಾಯಿಗೊಂದು ಗುಂಡಿ, ಕೊರಳಿಗೆ ಹಾಕಿಕೊಳ್ಳಲು ದಾರ. ಗಂಡ ಏನದು ಎಂದು ಕೇಳಿದ. “ಚೀಲ” ಎಂದಳು. ಅವಳೂ ಆಗ ಅಷ್ಟನ್ನೇ ಒಪ್ಪಿಕೊಂಡಿದ್ದಳು. ಹೊಲಿದಿಟ್ಟರೆ ತಪ್ಪೇನು, ಯಾವಾಗಲಾದರೂ ಬೇಕಾಗುತ್ತದೆ. ಊರವರ ಬಿಡುಗಡೆಗೂ ಹೊಲಿಗೆ ಕೆಲಸ ಇವಳ ತಲೆಗೇ ಬಂತು ನೋಡಿ.

ಮರುದಿನ ಬೆಳಕು ಹರಿಯುವ ಮೊದಲು ಅವಳು ಮೋಟರ್ ಹಾಕಿದಳು, ಅನ್ನಕ್ಕಿಟ್ಟಳು, ಮುಲಾಮು ತಿಕ್ಕಿದಳು. ಕನ್ನಡಕ ಮಾತ್ರ ಹುಡುಕಿಕೊಡಲಿಲ್ಲ. ಬಾಗಿಲು ದಾಟುವಾಗ ಹಿಂದಿನಿಂದ “ಏ, ನನ್ನ ಕನ್ನಡಕಾ...” ಎಂಬ ಕೂಗು ಕೇಳಿಸಿತು. ಹುಡುಕಿಕೊಳ್ಳಲಿ. ಹಣೆ ಅಷ್ಟೇನೂ ದೂರದ ಜಾಗವಲ್ಲ.

ಶೆಡ್ಡಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಬೆಲ್ಟು ಮಲಗಿದ ಹಾವಿನಂತೆ ಸುಮ್ಮನಿತ್ತು. ಗೋಡೆಯುದ್ದಕ್ಕೂ ಮೊಳೆಗಳಿಗೆ ಸಿಕ್ಕಿಸಿದ ಕೈಗವಸುಗಳು. ಆಕ್ಷಿಯ ಕೈಗವಸಿನ ಹೆಬ್ಬೆರಳಿಗೆ ಹಸಿರು ತೇಪೆ. ಬೀಗದಕ್ಕ ಕಪಾಟು ತೆಗೆದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಫೋನು ಗುಂಯ್‌ಗುಟ್ಟಿತು.

“ಬೇಗ ಬಂದೆಯಂತೆ, ಕಾವಲಿನವನು ಹೇಳಿದ,” ಎಂದ ಮೇಸ್ತ್ರಿ. “ಜಾಣೆ. ಡಬ್ಬಿ ಜೋಪಾನ ತಾನೆ?”

ಅವಳು ಡಬ್ಬಿಯನ್ನು ನೋಡಿದಳು. ಆಕ್ಷಿಯ ಚೀಟಿಯೊಂದನ್ನೇ ಗುಟ್ಟಾಗಿ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಮೇಸ್ತ್ರಿ ಬೈದರೂ ಕೆಲಸ ಉಳಿಯುತ್ತಿತ್ತು. ಎಲ್ಲವನ್ನೂ ಕೊಟ್ಟರೆ ನಾಳೆ ಈ ಕೀಲಿಗೊಂಚಲು ಬೇರೊಬ್ಬಳ ಸೊಂಟದಲ್ಲಿ ಝಣಝಣ ಎನ್ನಬಹುದು. ಬೀಗದಕ್ಕ ಎಂಬ ಹೆಸರಿನ ಮೇಲೆ ಅವಳಿಗೆ ಸ್ವಲ್ಪ ಆಸೆ ಇತ್ತು, ಸುಳ್ಳೇಕೆ ಹೇಳಬೇಕು.

“ಹೂಂ, ಜೋಪಾನ,” ಎಂದು ಫೋನಿಟ್ಟಳು.

ಮೊದಲು ಹಸಿರು ತೇಪೆಯ ಕೈಗವಸಿನ ಮೊಳೆಗೆ, ಆಮೇಲೆ ಅದರ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ, ಗೋಡೆ ಮುಗಿಯುವವರೆಗೂ ಒಂದೊಂದು ಚೀಲ ತೂಗುಹಾಕಿದಳು. ಒಳಗೆ ಚೀಟಿ, ಬಾಯಿಗೆ ಗುಂಡಿ. ಬರಿದಾದ ಡಬ್ಬಿಯೊಳಗೆ ಕಪಾಟಿನ ಬೀಗವನ್ನೂ ಕೀಲಿಯನ್ನೂ ಹಾಕಿ, ಮುಚ್ಚಳ ಮುಚ್ಚದೆ ಮೇಸ್ತ್ರಿ ಕೂರುವ ಕುರ್ಚಿಯ ಮೇಲಿಟ್ಟಳು. ನಿನ್ನೆಯ ಮಳೆಕೋಟು ಗೋಡೆಯಲ್ಲೇ ಇತ್ತು. ಅದನ್ನೂ ತೆಗೆದು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ಚೀಲ ಒಂದು ಉಳಿದಿತ್ತು. ಹೊಲಿಯುವಾಗ ಲೆಕ್ಕ ತಪ್ಪಿರಲಿಲ್ಲ, ಅದು ಬೀರುವಿನಲ್ಲಿರುವ ಚೀಟಿಗೆಂದು ಹೊಲಿದದ್ದು. ಬೀಗದಕ್ಕ ಅದನ್ನು, ಖಾಲಿಯಾಗಿದ್ದುದನ್ನೇ, ತನ್ನ ಕೊರಳಿಗೆ ಹಾಕಿಕೊಂಡು ಮೇಡಂಗಾಗಿ ಇಟ್ಟಿದ್ದ ಮೇಜಿನೆದುರು, ಮೊದಲ ಕುರ್ಚಿಯಲ್ಲಿ ಕುಳಿತಳು. ಚೀಟಿ ಯಾರ ಹತ್ತಿರ ಎಂದು ಅವರು ಕೇಳಿದಾಗ, ಬಾಯಿಪಾಠ ಮಾಡಿದ ಉತ್ತರವನ್ನು ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿಯಾಗಿತ್ತು.