ಕಡಿಮೆ ದರದ ಕಾರು ಮಾರಿದ ಗವ್ರಿಲ್

ಗವ್ರಿಲ್ ಸೊಮೆಶಾನ್ ಒಳ್ಳೆಯವನು ಎಂದು ನಮ್ಮ ಬಿಸ್ತ್ರಿತ್ಸಾ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಳ್ಳೆಯವನೇ, ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಹನ್ನೊಂದು ವರ್ಷ ಕಾರಿನ ಅಂಗಡಿಯಲ್ಲಿ ಅವನ ಪಕ್ಕದ ಮೇಜಿನಲ್ಲಿ ಕೂತು ಕಾಗದಪತ್ರ ನೋಡಿಕೊಂಡವಳು ನಾನು. ಆ ಒಳ್ಳೆಯತನದಿಂದ ಏನಾಯಿತು ಎಂಬುದನ್ನು ನಾನಲ್ಲದೆ ಇನ್ಯಾರೂ ಹೇಳುವುದಿಲ್ಲ.

ಅವನು ಮೊದಲು ಸಹಕಾರಿ ಹೊಲಗಳ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು. ಹೊಲಗಳು ಹಂಚಿಹೋದ ಮೇಲೆ ಕಾರು ಮಾರಲು ಬಂದ. ಟೈ ಕಟ್ಟಿಕೊಳ್ಳಲು ಕೊನೆಯವರೆಗೂ ಕಲಿಯಲಿಲ್ಲ. ಬೆಳಗ್ಗೆ ಬಂದು ನನ್ನ ಮುಂದೆ ಕತ್ತು ಚಾಚಿ ನಿಲ್ಲುತ್ತಿದ್ದ, ನಾನೇ ಬೈದುಕೊಂಡು ಕಟ್ಟುತ್ತಿದ್ದೆ. ಗಿರಾಕಿ ಒಳಗೆ ಕಾಲಿಟ್ಟರೆ ಅವನು ಕಾರು ತೋರಿಸುತ್ತಿರಲಿಲ್ಲ, ವಿಚಾರಣೆ ಶುರು ಮಾಡುತ್ತಿದ್ದ. "ದಿನಕ್ಕೆ ಎಷ್ಟು ದೂರ ಓಡಿಸ್ತೀರಿ? ಮನೇಲಿ ಕಾರು ಎಲ್ಲಿ ನಿಲ್ಲಿಸ್ತೀರಿ, ಕೊಟ್ಟಿಗೇಲೋ ಅಂಗಳದಲ್ಲೋ? ಅತ್ತೆ ಕೂತ್ಕೊಳ್ತಾರಾ? ಅತ್ತೆ ದಪ್ಪನಾ?"

ಕಂಪನಿ ಕರೆಂಟಿನ ಕಾರು ತಂದಾಗ ಅದರಲ್ಲಿ ಮೂರು ತರ ಇತ್ತು. ಎಲ್ಲಕ್ಕಿಂತ ಕೆಳಗಿನದಕ್ಕೆ ಬರಿಯ ಕಬ್ಬಿಣದ ಚಕ್ರ, ಹಿಂದಿನ ಗಾಜು ಕೈಯಲ್ಲೇ ತಿರುಗಿಸಬೇಕು, ಮುಂದೆ ಟಿವಿಯಂಥ ಪರದೆ ಇಲ್ಲ, ಬ್ಯಾಟರಿ ಚಿಕ್ಕದು. ಅದರ ಬೆಲೆಯನ್ನು ಮಾತ್ರ ಆಳೆತ್ತರದ ಅಕ್ಷರದಲ್ಲಿ ಬಾಗಿಲ ಮೇಲೆ ಹಾಕಿಸಿದರು.

ನಮ್ಮ ಮ್ಯಾನೇಜರ್ ಕೊಸ್ಮಿನ್ ಮೂವತ್ತೊಂದರವನು, ಮಾತಿನಲ್ಲಿ ಗಟ್ಟಿ. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದ. "ಆ ಬೆಲೆ ಇರೋದು ಜನ ಒಳಗೆ ಬರೋಕೆ. ಬಂದವರನ್ನ ಮೇಲಿನ ಕಾರಿಗೆ ಹತ್ತಿಸೋದು ನಿಮ್ಮ ಕೆಲಸ."

"ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸೋ ಮುದುಕಂಗೆ ಸೀಟು ಬಿಸಿ ಮಾಡೋ ಯಂತ್ರ ಯಾಕಪ್ಪಾ?" ಎಂದ ಗವ್ರಿಲ್. "ಕುರಿಚರ್ಮ ಹಾಸ್ಕೋತಾನೆ."

"ಗವ್ರಿಲಣ್ಣ, ನೀವು ಕಂಪನಿ ಕಡೆಯೋ ಮುದುಕನ ಕಡೆಯೋ?"

"ಮುದುಕ ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕ ನಿಂತ್ಕೋತಾನೆ. ಕಂಪನಿ ನಿಂತ್ಕೊಳ್ಳಲ್ಲ."

ಎಲ್ಲರೂ ನಕ್ಕೆವು. ಕೊಸ್ಮಿನ್ ಕೂಡ ನಕ್ಕ.

ಅವನು ಮಾರಿದ ರೀತಿ ನೋಡಬೇಕಿತ್ತು. ಅಂಚೆಯವಳಿಗೆ, ಜೇನು ಸಾಕುವವನಿಗೆ, ಸ್ಕೂಲಿನ ಅಡುಗೆಯವಳಿಗೆ, ಎಲ್ಲರಿಗೂ ಕೆಳಗಿನದೇ. ಹೊಸ ಕಾರು ಬಂದ ಮೇಲೆ ಪಾದ್ರಿಯನ್ನು ಕರೆಸಿ, ಕಾಮಕಸ್ತೂರಿಯ ಕಟ್ಟನ್ನು ಅದ್ದಿ ತೀರ್ಥ ಚಿಮುಕಿಸದೆ ನಮ್ಮಲ್ಲಿ ಯಾರೂ ರಸ್ತೆಗೆ ಇಳಿಸುವುದಿಲ್ಲ. ಅಂಥ ಪ್ರತಿಯೊಂದು ಪೂಜೆಗೂ ಗವ್ರಿಲ್ ಹೋಗುತ್ತಿದ್ದ. ಪ್ಲಮ್ ಸಾರಾಯಿ ಒಂದು ಗುಟುಕು ಕುಡಿದು, ಕಾರಿನ ಮುಂದೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದುಕೊಂಡು ಬರುತ್ತಿದ್ದ. ಎರಡು ವರ್ಷದಲ್ಲಿ ಅಂಥ ಅರವತ್ತೆಂಟು ಫೋಟೋ ಸೇರಿದವು.

ಆ ಆಗಸ್ಟಿನಲ್ಲಿ ಕಂಪನಿಯವರು ಒಂದು ಸ್ಪರ್ಧೆ ಇಟ್ಟರು: ನಿಮ್ಮ ಗಿರಾಕಿಗಳ ಸಂತೋಷ ನಮಗೆ ತೋರಿಸಿ. ಗವ್ರಿಲ್ ಅರವತ್ತೆಂಟನ್ನೂ ಕಳಿಸಿದ. ಪ್ರತಿಯೊಂದರ ಕೆಳಗೂ ಊರು, ಹೆಸರು, ಯಾವ ತರದ ಕಾರು ಎಂದು ದುಂಡಗೆ ಬರೆದ. ಅಂಟಿಸಿಕೊಟ್ಟವಳು ನಾನೇ. ನನಗಾದರೂ ಬುದ್ಧಿ ಬೇಡವೇ? ಬಹುಮಾನ ಬಂದೇ ಬರುತ್ತದೆ ಎಂದು ಕಾದೆವು, ಇಬ್ಬರೂ.

ಸೆಪ್ಟೆಂಬರಿನಲ್ಲಿ ಸಾವೆತಾ ಬಂದಳು. ಮೇಲಿನ ಬೆಟ್ಟದ ಆರು ಹಳ್ಳಿಗಳಿಗೆ ಅವಳೊಬ್ಬಳೇ ನರ್ಸು. ಮನೆಮನೆಗೆ ಹೋಗಿ ಸೂಜಿ ಚುಚ್ಚುವುದು, ಗಾಯ ಕಟ್ಟುವುದು ಅವಳ ಕೆಲಸ. ಗವ್ರಿಲನ ದೊಡ್ಡಮ್ಮ ರವೇಕಾಳ ಕಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಿತ್ತು. ಅದನ್ನು ತೊಳೆದು ಕಟ್ಟುತ್ತಿದ್ದವಳೂ ಇವಳೇ. ಅವಳ ಹಳೆಯ ಕಾರು ಇಪ್ಪತ್ತಮೂರು ವರ್ಷದ್ದು, ಕೆಮ್ಮಿಕೊಂಡೇ ಬೆಟ್ಟ ಹತ್ತುತ್ತಿತ್ತು. ಆದರೂ ಹತ್ತುತ್ತಿತ್ತು.

"ಇದು ಇನ್ನೊಂದು ಚಳಿಗಾಲ ತಡೀಬಹುದು ಗವ್ರಿಲ್. ಮುಂದಿನ ವರ್ಷ ನೋಡೋಣ್ವಾ?" ಎಂದಳು.

"ಮುಂದಿನ ವರ್ಷ ಕರೆಂಟಿನ ಕಾರಿಗೆ ಸರ್ಕಾರದವರು ದುಡ್ಡು ಕೊಡ್ತಾರೋ ಇಲ್ವೋ ಯಾರಿಗೆ ಗೊತ್ತು ಮಾರಾಯ್ತಿ. ಹಳೇದನ್ನ ಈಗಲೇ ಗುಜರಿಗೆ ಕೊಟ್ಟುಬಿಡು. ಗುಜರಿ ಚೀಟಿ ಇಲ್ಲದೆ ಸಹಾಯಧನದ ಕಾಗದ ಬರಲ್ಲ. ಕಾಗದ ಬಂದ ದಿನವೇ ನಿನ್ನ ಕಾರು ಬುಕ್ ಮಾಡ್ತೀನಿ."

"ಚಳಿ ಶುರುವಾಗೋದ್ರೊಳಗೆ ಸಿಗುತ್ತಾ?"

"ನನ್ನ ಮಾತು ಸುಳ್ಳಾಗಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಮರುದಿನವೇ ಹೋಗಿ ಕೊಟ್ಟುಬಂದಳು. ಮೂರು ವಾರ ಬಾಡಿಗೆ ಗಾಡಿಯಲ್ಲೋ, ಯಾರದಾದರೂ ಗಾಡಿ ಬೇಡಿಕೊಂಡೋ ಬೆಟ್ಟ ಹತ್ತಿ ಇಳಿದಳು.

ಅಕ್ಟೋಬರ್ ಒಂಬತ್ತರಂದು ಬುಕಾರೆಸ್ತಿನಿಂದ ಕಂಪನಿಯ ಸಾಹೇಬರೊಬ್ಬರು ಬಂದರು. ಕೆಳಗಿನ ತರದ ಕಾರು ನಿಲ್ಲಿಸಿದ್ದೇವೆ, ಇವತ್ತಿನಿಂದ ಬುಕಿಂಗ್ ಇಲ್ಲ ಎಂದರು. ಸಾವೆತಾಳ ಸಹಾಯಧನದ ಕಾಗದ ಅಂಚೆಯಲ್ಲಿ ಬಂದದ್ದು ಹನ್ನೊಂದಕ್ಕೆ.

ಸಾಹೇಬರು ತಂದ ಸುತ್ತೋಲೆಯಲ್ಲಿ ಗಿರಾಕಿಗಳ ಅಭಿರುಚಿ ಬೆಳೆದಿದೆ ಎಂದಿತ್ತು. ಗವ್ರಿಲ್ ಅದನ್ನು ಎರಡು ಸಲ ಓದಿ, ಅವರ ಎದುರು ನಿಂತ. "ಯಾರದು ಬೆಳೀತು ಸ್ವಾಮಿ? ನಮ್ಮೂರಲ್ಲಿ ಎಲ್ಲರೂ ಇದನ್ನೇ ಕೇಳ್ತಾರಲ್ಲ."

"ಅದೇ ಸಮಸ್ಯೆ," ಎಂದರು ಅವರು. ಕೆಟ್ಟ ಮನುಷ್ಯನೇನಲ್ಲ, ಸುಸ್ತಾಗಿದ್ದರು. "ಆ ಕಾರಲ್ಲಿ ಕಂಪನಿಗೆ ಏನೂ ಗಿಟ್ಟಲ್ಲ. ಅದನ್ನ ಇಟ್ಟಿದ್ದು ಬಾಗಿಲಿಗೆ ಜನ ಕರೆಯೋಕೆ. ನೂರರಲ್ಲಿ ಐದು ಜನ ತಗೊಂಡ್ರೆ ನಷ್ಟ ತಡ್ಕೋಬಹುದು. ನಿಮ್ಮಲ್ಲಿ ನೂರಕ್ಕೆ ಎಪ್ಪತ್ತು ಜನ ತಗೊಂಡಿದ್ದಾರೆ. ನಿಮ್ಮ ಫೋಟೋ ಬಂದ ಮೇಲೆ ಮೇಲಿನವರು ಬೇರೆ ಊರುಗಳ ಲೆಕ್ಕಾನೂ ತೆಗೆಸಿ ನೋಡಿದ್ರು. ನಿಮ್ಮಂಥೋರು ಇನ್ನೂ ನಾಲ್ಕು ಜನ ಇದ್ರು."

ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ಅಂಗಳ, ಕೋಳಿ, ಪಾದ್ರಿ, ತಲೆಗೆ ಬಟ್ಟೆ ಕಟ್ಟಿದ ಅಜ್ಜಿ. ನಮ್ಮ ಕಾರಂದ್ರೆ ಜನರ ಕಣ್ಣಿಗೆ ಇದೇ ಬಂದ್ರೆ ಮೇಲಿನದನ್ನ ಯಾರು ಕೊಳ್ತಾರೆ ಅಂತ ಕೇಳಿದ್ರು."

ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ನೋಡಿದ್ದೇನೆ. ಇವನು ಆ ಕಲ್ಲನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಹಣೆಗೆ ಮುಟ್ಟಿಸಿ ಹಾಕಿಕೊಂಡಿದ್ದ. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಸಾವೆತಾ ಬಸ್ಸಿನಲ್ಲಿ ಬಂದಳು. ಗವ್ರಿಲ್ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದ. ನಡುವಿನ ತರದ ಕಾರಿಗೆ ನಾಲ್ಕು ಸಾವಿರ ಯೂರೋ ಹೆಚ್ಚು. ಅವಳ ಐದು ತಿಂಗಳ ಸಂಬಳ ಅದು.

"ಹಂಗಾದ್ರೆ ನನ್ನ ಹಳೇದನ್ನ ವಾಪಸ್ ಕೊಡಿಸು," ಎಂದಳು.

"ಗುಜರಿಯವರು ಅದನ್ನ ಒತ್ತಿ ಮುದ್ದೆ ಮಾಡಿಬಿಟ್ಟಿದ್ದಾರೆ ಸಾವೆತಾ."

ಅವನು ತನ್ನ ಸ್ವಂತ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ. ಅವಳು ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ನೂಕಿದಳು. "ನಾನು ಭಿಕ್ಷೆಗೆ ಬಂದಿಲ್ಲ. ಹಳೇ ಕಾರಿದ್ದೋಳಿಗೆ ಆಸೆ ಹುಟ್ಟಿಸ್ದೆಯಲ್ಲ, ನಿಂಗೆ ಅದರಲ್ಲಿ ಏನು ಸಿಕ್ತು?"

ಅವನಿಗೆ ಏನೂ ಸಿಕ್ಕಿರಲಿಲ್ಲ. ಕೆಳಗಿನ ಕಾರು ಮಾರಿದರೆ ಕಮಿಷನ್ನೇ ಇರಲಿಲ್ಲ. ಅದನ್ನು ಅವಳಿಗೆ ಹೇಳಲು ನಾನು ಬಾಯಿ ತೆರೆದೆ, ಗವ್ರಿಲ್ ನನ್ನತ್ತ ನೋಡಿ ಬೇಡ ಎಂದು ತಲೆಯಾಡಿಸಿದ.

ನವೆಂಬರಿನಲ್ಲಿ ಅವಳು ಪೇಟೆ ಆಸ್ಪತ್ರೆಯಲ್ಲಿ ಕೆಲಸ ಹಿಡಿದಳು. ಆರು ಹಳ್ಳಿಗೆ ಇನ್ನೊಬ್ಬ ನರ್ಸು ಬರಲಿಲ್ಲ. ಕ್ರಿಸ್‌ಮಸ್ಸಿಗೆ ನಮ್ಮ ಅಂಗಡಿಗೆ ಲಾಭ ಹೆಚ್ಚಾಯಿತೆಂದು ಕೊಸ್ಮಿನ್ ಎಲ್ಲರಿಗೂ ಬೋನಸ್ ಹಂಚಿದ. ನಾನೂ ತೆಗೆದುಕೊಂಡೆ, ಮಗಳಿಗೆ ಕೋಟು ಕೊಡಿಸಿದೆ.

ಗವ್ರಿಲ್ ಪ್ರತಿ ಭಾನುವಾರ ಚರ್ಚಿಗೆ ಹೋಗುವುದನ್ನು ಬಿಟ್ಟು ಬೆಟ್ಟ ಹತ್ತಿ ದೊಡ್ಡಮ್ಮನ ಹುಣ್ಣು ತೊಳೆಯತೊಡಗಿದ. ವಾರಕ್ಕೆ ಮೂರು ಸಲ ಆಗಬೇಕಾದದ್ದು ಒಂದು ಸಲವಾಯಿತು. ಫೆಬ್ರವರಿಯಲ್ಲಿ ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಮುದುಕಿ ಮೆಕ್ಕೆಜೋಳದ ಮುದ್ದೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಮುಟ್ಟಿರಲಿಲ್ಲ. ಕಾಲಿನ ಎರಡು ಬೆರಳು ಕಪ್ಪಾಗಿದ್ದವು. ಮಂಗಳವಾರ ಆಸ್ಪತ್ರೆಗೆ ಸೇರಿಸಿ ಕತ್ತರಿಸುತ್ತಾರೆ ಎಂದು ಅವಳಿಗೂ ಗೊತ್ತಿತ್ತು.

"ಆ ಹುಡುಗಿ ಯಾಕೋ ಬರೋದು ಬಿಟ್ಲು?" ಎಂದು ಕೇಳಿದಳು.

"ಅವಳಿಗೆ ಕಾರಿಲ್ಲ ದೊಡ್ಡಮ್ಮ."

"ನೀನು ಕಾರು ಮಾರೋನು. ನೀನು ಯಾಕೆ ಕೊಡಲಿಲ್ಲ?"

"ಆ ಕಾರು ಮಾಡೋದನ್ನ ನಿಲ್ಲಿಸಿಬಿಟ್ರು."

"ಯಾರೂ ಕೊಳ್ತಿರಲಿಲ್ವಾ?"

ಗವ್ರಿಲ್ ಪಟ್ಟಿ ಸುತ್ತುವುದನ್ನು ನಿಲ್ಲಿಸಿದ. "ಎಲ್ಲರೂ ಕೊಳ್ತಿದ್ರು ದೊಡ್ಡಮ್ಮ. ಅದಕ್ಕೇ ನಿಲ್ಲಿಸಿದ್ರು."

ಮುದುಕಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ, ಮಗುವೊಂದು ಮೊದಲ ಸಲ ಕದ್ದದ್ದನ್ನು ಕಂಡವಳ ಹಾಗೆ ನೋಡಿದಳು.

"ನನ್ನ ಕೈಯಲ್ಲಿ ಬೆಳೆದೋನು ನೀನು," ಎಂದಳು. "ನಂಗೇ ಸುಳ್ಳು ಹೇಳ್ತೀಯಲ್ಲೋ."

ಅವನು ಪಟ್ಟಿ ಸುತ್ತಿ ಗಂಟು ಹಾಕಿದ.