ಕಾಕಾನ ಗಂಟಲಿಗಿಳಿದ ಬಾಳೆಹಣ್ಣು

ಮೊನ್ನೆ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ, ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವ ಮುನ್ನ, ನರ್ಸಮ್ಮ ಗಂಟಲಿಗೆ ಜೋಮು ಹಿಡಿಸುವ ಔಷಧಿ ಚಿಮುಕಿಸಿದರು. ಘಮ್ಮೆಂದು ಬಾಳೆಹಣ್ಣಿನ ವಾಸನೆ! ಮಲಗಿದಲ್ಲೇ ನಗು ಉಕ್ಕಿತು. ನಾನು ಅಂಥ ಕಡೆ ನಗುವವನಲ್ಲ. ಸೀನಿದರೆ ನ್ಯುಮೋನಿಯಾ, ತೇಗಿದರೆ ಹೃದಯಾಘಾತ ಎಂದುಕೊಳ್ಳುವ ಪ್ರಾಣಿ. ಅಂದು ಬೆಳಿಗ್ಗೆ ಕೂಡ ಬೀರುವಿನ ಕೀಲಿ ಎಲ್ಲಿದೆಯೆಂದು ಹೆಂಡತಿಗೆ ಗದ್ಗದಿತನಾಗಿ ಹೇಳಿ ಬಂದಿದ್ದೆ. ಆದರೆ ಆ ವಾಸನೆಯ ಹಿಂದೆಯೇ ನಮ್ಮ ಚಿಕ್ಕಪ್ಪ ಸಿದ್ದಣ್ಣಕಾಕಾ ನೆನಪಿಗೆ ಬಂದುಬಿಟ್ಟ.

ಕಾಕಾನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ನೀವು ಆ ಹಣ್ಣು ತಿಂದಿರದಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ. ತೊಂಬತ್ತರ ದಶಕದ ಕೊನೆಗೆ ಅವನಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಜ್ವರ, ಧೋತರ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ. ಪಟ್ಟಣದ ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಗೆ ಕರೆತಂದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ. ಕಫದ ಪರೀಕ್ಷೆಯಲ್ಲಿ ಮಾತ್ರ ಪ್ರತಿಸಲವೂ ಏನೂ ಸಿಗದು.

"ಟಿಬಿ ಇರಬಹುದು. ಬೀಡಿ ಸೇದೋರು, ಕ್ಯಾನ್ಸರೂ ಇರಬಹುದು," ಎಂದರು ಡಾಕ್ಟರು. "ನಳಿಗಿ ಇಳಿಸಿ, ಶ್ವಾಸಕೋಶದ ಒಳಗ ತೊಳೆದ ನೀರು ತೆಗೆದು ನೋಡೋಣು. ನಾಳಿ ಬೆಳಿಗ್ಗೆ ಹೊಟ್ಟಿಗೇನೂ ಹಾಕಬ್ಯಾಡ್ರಿ."

ಎರಡನೆಯ ಹೆಸರು ಕೇಳಿದ್ದೇ ನಾನು ಗೋಡೆ ಹಿಡಿದೆ. ಕಾಕಾ ನನ್ನ ಬೆನ್ನು ಸವರಿದ: "ಅಂಜಬ್ಯಾಡೋ ತಮ್ಮಾ, ನಳಿಗಿ ಇಳಿಯೂದು ನನ್ನ ಗಂಟಲದಾಗ."

ಮರುದಿನ ಡಾಕ್ಟರು ಕೇಳಿದರು, "ಏನೂ ತಿಂದಿಲ್ಲಲ್ರೀ?"

"ಛೇ, ಇಲ್ರೀ ಸಾಹೇಬ್ರ. ಕಡಕ್ ಉಪಾಸ. ಬರೇ ಎರಡು ಬಾಳಿಹಣ್ಣ."

"ಬಾಳಿಹಣ್ಣ?"

"ಹಣ್ಣಿಗೆ ಉಪಾಸ ಮುರೀತದೇನ್ರೀ? ಶಿವರಾತ್ರಿಗೂ ನಡೀತದ!"

"ವಾಂತಿಯಾಗಿ ಶ್ವಾಸನಾಳಕ್ಕ ಹೋದ್ರ? ಶಿವ ಒಪ್ಪಿದ್ರೂ ನಾ ಒಪ್ಪಂಗಿಲ್ಲ. ನಾಳಿ ಬರ್ರಿ."

ಮನೆಯಲ್ಲಿದ್ದ ಹಣ್ಣನ್ನೆಲ್ಲ ಬೀರುವಿಗೆ ಹಾಕಿ ಕೀಲಿ ಜೇಬಿಗಿಟ್ಟೆ. ಹೆಂಡತಿಯ ರೇಷ್ಮೆ ಸೀರೆಗಳು ಎಷ್ಟೋ ಮದುವೆಗಳಲ್ಲಿ ಬಾಳೆಹಣ್ಣಿನಂತೆ ನಾರಿದವು. ಅವಳು ಅದನ್ನಿನ್ನೂ ಮರೆತಿಲ್ಲ.

ಮರುದಿನ ಪರೀಕ್ಷೆಯ ಕೋಣೆಯ ಬಾಗಿಲ ಬಳಿ ನಾನು ದೇವರ ಹೆಸರುಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದ್ದೆ. ಒಳಗೆ ಗಂಟಲಿಗೆ ಔಷಧಿ ಬಿದ್ದದ್ದೇ ಕಾಕಾನ ದನಿ: "ನಿನ್ನಿ ಬಾಳಿಹಣ್ಣ ತಿಂದಿದ್ಕ ಬೈದ್ರಿ, ಇವತ್ತ ನೀವೇ ತಿನಸ್ಲಿಕತ್ತೀರಿ!" ನಾಲಿಗೆ ದಪ್ಪವಾಗುತ್ತಿದ್ದರೂ ತೀರ್ಪು ಬಿಡಲಿಲ್ಲ: "ಆದ್ರ ನಮ್ಮೂರದ್ದಲ್ಲ. ಕಾಯಿ ಅದ, ಇನ್ನೂ ಹಣ್ಣಾಗಿಲ್ಲ." ತಮ್ಮ ನಗು ನಿಂತು ಕೈ ಸ್ಥಿರವಾಗುವ ತನಕ ಡಾಕ್ಟರು ನಳಿಗೆ ಹಿಡಿದು ಕಾಯಬೇಕಾಯಿತಂತೆ.

ಕೆಲವು ದಿನಕ್ಕೆ ವರದಿ ಬಂತು. ತೊಳೆದ ನೀರಿನಲ್ಲಿ ಟಿಬಿಯ ಕ್ರಿಮಿ ಸಿಕ್ಕಿತ್ತು, ಕ್ಯಾನ್ಸರಿನ ಸುಳಿವಿರಲಿಲ್ಲ. "ಗುಳಿಗಿ ತಪ್ಪಸಬ್ಯಾಡ್ರಿ, ಆರಾಮಾಗ್ತದ," ಎಂದರು ಡಾಕ್ಟರು. ನಾನು ಪಾಸಾದ ಹುಡುಗನಂತೆ ರಸ್ತೆಗೆ ಓಡಿ, "ಟಿಬಿ! ನಮ್ಮ ಕಾಕಾಗ ಟಿಬಿ!" ಎಂದು ಆಟೋ ನಿಲ್ಲಿಸಿದೆ. ಮೋಮಿನಪುರದ ಆಟೋದವ ಬೆರಗಾದ: "ಟಿಬಿ ಹೋಯ್ತಂದ್ರ ನಗ್ತಾರ ಸಾಬ್, ಬಂತಂತ ನಗ್ಲಿಕತ್ತೀರಲ್ಲ!"

ಕಾಕಾ ಬೀಡಿ ಬಿಟ್ಟ, ಗುಳಿಗೆ ಮುಗಿಸಿದ, ಧೋತರ ತುಂಬಿಕೊಂಡ. ಮೊದಲ ಗೊನೆ ಡಾಕ್ಟರಿಗೆ ಹೋಯಿತು, ಜೊತೆಗೊಂದು ಮಾತು: "ಬಾಳಿಹಣ್ಣಂದ್ರ ಇದು ನೋಡ್ರಿ."

"ಯಾಕ್ರೀ ನಗ್ಲಿಕತ್ತೀರಿ? ಅಂಜಿಕಿ ಆಗ್ಲಿಕತ್ತದೇನು?" ಇತ್ತ ನರ್ಸಮ್ಮ ನನ್ನನ್ನು ಕೇಳುತ್ತಿದ್ದರು. ಆಗಲೇ ಗೊತ್ತಾದದ್ದು, ಅಂಜಿಕೆ ಆಗುತ್ತಿರಲಿಲ್ಲ.

"ಕಾಯಿ ಅದ್ರೀ," ಎಂದೆ ಜೋಮು ಹಿಡಿದ ನಾಲಿಗೆಯಲ್ಲಿ, "ಇನ್ನೂ ಹಣ್ಣಾಗಿಲ್ಲ." ಯಾರೂ ಹೇಳುವ ಮೊದಲೇ ಬಾಯಿ ತೆರೆದೆ.